ಯಾರು ಇಳೀತೀರಿ?

ನನ್ನ ಗಂಡ ಅಮೃತಪ್ಪ ಕೆಳಗೆ ಪಾಯಿಖಾನೆಯ ಟ್ಯಾಂಕಿನಲ್ಲಿ ಸಾಯುವಾಗ ಮೇಲೆ ಸಭಾಂಗಣದಲ್ಲಿ ಕಾಯಕದ ಬಗ್ಗೆ ಚರ್ಚೆ ನಡೆದಿತ್ತು. ಮೈಕ್ ಇತ್ತು. ಮಾತು ಕೆಳಗಿನವರೆಗೂ ಕೇಳುತ್ತಿತ್ತು. ಅವನಿಗೂ ಕೇಳಿಸಿರಬೇಕು.

ಇದನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಪೊಲೀಸರಿಗೆ, ವಕೀಲರಿಗೆ, ಪೇಪರಿನವರಿಗೆ. ಹೇಳುವಾಗ ಅಳು ಬರುವುದಿಲ್ಲ. ಅಳದ ಹೆಂಗಸನ್ನು ಕೋರ್ಟು ನಂಬುವುದಿಲ್ಲ ಅಂತ ವಕೀಲರು ಹೇಳಿದರು. ಬಾರದ ಅಳುವನ್ನು ಎಲ್ಲಿಂದ ತರಲಿ?

ನಮ್ಮದು ಗುರುಮಠಕಲ್ ಕಡೆಯ ಹಳ್ಳಿ. ನಾವು ಮಾದಿಗರು. ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದೆವು. ಆಗ ಮಾದಾಪುರದಲ್ಲಿ ಬಂಡೆ ಒಡೆಯುತ್ತಿದ್ದರು. ಹಗಲೆಲ್ಲ ಮದ್ದು ಸಿಡಿಯುವ ಸದ್ದು. ಬಂಡೆ ಹೋದ ಕಡೆ ಗಾಜಿನ ಆಫೀಸು ಏಳುತ್ತಿತ್ತು. ಆಫೀಸಿನವರಿಗೆ ಇರಲು ಅಪಾರ್ಟ್‌ಮೆಂಟು ಏಳುತ್ತಿತ್ತು. ಅಂಥ ಒಂದು ಅಪಾರ್ಟ್‌ಮೆಂಟಿಗೆ ನಾವು ಇಟ್ಟಿಗೆ ಹೊತ್ತೆವು. ಬುಟ್ಟಿ ಹೊತ್ತು ಹೊತ್ತು ನನ್ನ ನೆತ್ತಿಯ ಮೇಲೆ ಕೂದಲು ಹೋಯಿತು. ಕಟ್ಟಡ ಮುಗಿದ ಮೇಲೆ ಉಳಿದ ಕೂಲಿಯವರನ್ನು ಕಳಿಸಿ ನಮ್ಮಿಬ್ಬರನ್ನು ಇಟ್ಟುಕೊಂಡರು. ನಾನು ಮೆಟ್ಟಿಲು ಗುಡಿಸಿ ಒರೆಸುವಾಕೆ. ಅವನು ತೋಟಕ್ಕೆ ನೀರು ಬಿಡುವವನು, ಕಸ ಒಯ್ಯುವವನು, ಕಟ್ಟಿದ ಗಟಾರ ಬಿಡಿಸುವವನು. ಜನರೇಟರಿನ ಹಿಂದೆ ತಗಡಿನ ಕೋಣೆ ಕೊಟ್ಟಿದ್ದರು. ಕರೆಂಟು ಹೋದಾಗ ಗೋಡೆ ನಡುಗುತ್ತಿತ್ತು.

ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರು ಬಹಳ ಇದ್ದರು. ಧಾರವಾಡ, ಬೆಳಗಾವಿ, ಮೈಸೂರು ಕಡೆಯ ಎಂಜಿನಿಯರುಗಳು. ಐತವಾರ ಬೆಳಿಗ್ಗೆ ಅವರೆಲ್ಲ ಸಭಾಂಗಣದಲ್ಲಿ ಸೇರುತ್ತಿದ್ದರು. ಶರಣ ಚಿಂತನ ಕೂಟ ಅಂತ ಹೆಸರು. ಪ್ರತಿ ಐತವಾರ ಒಂದು ವಚನ ತೆಗೆದುಕೊಳ್ಳುವುದು, ಅದನ್ನು ಇವತ್ತಿನ ಒಂದು ಸಮಸ್ಯೆಗೆ ಹಚ್ಚಿ ನೋಡುವುದು. ಆಫೀಸಿನ ಒತ್ತಡಕ್ಕೆ ಶರಣರು ಏನು ಹೇಳಿದ್ದಾರೆ. ಗಂಡ ಹೆಂಡತಿ ಇಬ್ಬರೂ ದುಡಿದರೆ ಮನೆ ಹೇಗೆ. ಮಕ್ಕಳು ಕನ್ನಡ ಮರೆತರೆ ಹೇಗೆ. ನಡೆಸುವವರು ರವಿಶಂಕರ್ ಅವರು. ಧಾರವಾಡದವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. ಅಪಾರ್ಟ್‌ಮೆಂಟಿನ ಸಂಘಕ್ಕೂ ಅವರೇ ಕಾರ್ಯದರ್ಶಿ. ಮಾತು ಚೆನ್ನಾಗಿ ಆಡುತ್ತಿದ್ದರು. ಪ್ರಸಾದ ಬೇಗಂ ಬಜಾರಿನ ಕಿರಾಣಿ ವ್ಯಾಪಾರಿ ಕಲ್ಯಾಣಪ್ಪ ಅವರದು. ಮಗನ ಫ್ಲ್ಯಾಟು ಇಲ್ಲಿತ್ತು. ಅವರ ಹೆಂಡತಿ ಬಸಲಿಂಗಮ್ಮ ತಾವೇ ನಿಂತು ಬಡಿಸುತ್ತಿದ್ದರು.

ಅವರು ಬರುವ ಮೊದಲು ನಾನು ನೆಲ ಒರೆಸಿ ಜಮಖಾನೆ ಹಾಸಬೇಕು. ಎದ್ದು ಹೋದ ಮೇಲೆ ಮಡಚಿ ಇಡಬೇಕು. ನಡುವೆ ಹೊರಗೆ ಚಪ್ಪಲಿಗಳ ಹತ್ತಿರ ಕೂತಿರುತ್ತಿದ್ದೆ.

ಅಮೃತಪ್ಪನಿಗೆ ಆ ಮಾತು ಅಂದರೆ ಹುಚ್ಚು. ಅವನ ಅವ್ವ ಯಂಕಮ್ಮ ಯಾವುದೋ ಮಠದ ಸ್ವಾಮಿಯ ಕೈಯಿಂದ ಲಿಂಗ ಕಟ್ಟಿಸಿಕೊಂಡಿದ್ದಳು. ಮಗನಿಗೂ ಕಟ್ಟಿಸಿದ್ದಳು. ಲಿಂಗ ಕಟ್ಟಿದ ಮೇಲೂ ಊರ ಬಾವಿ ನಮಗೆ ದೂರವೇ ಇತ್ತು. ಆದರೂ ಅವನು ದಿನಾ ಜಳಕ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಕೂಡುತ್ತಿದ್ದ. ಐತವಾರ ಬಂತೆಂದರೆ ಸಭಾಂಗಣದ ಕಿಟಕಿಯ ಕೆಳಗಿನ ಗಿಡಗಳಿಗೆ ನೀರು ಬಿಡುತ್ತ ನಿಲ್ಲುತ್ತಿದ್ದ. ಬೇರು ಕೊಳೆಯುವಷ್ಟು ನೀರು ಬಿಡುತ್ತಿದ್ದ.

"ಕೇಳಿದ್ಯಾ? ಯಾವ ಕೆಲಸಾನೂ ಸಣ್ಣದಲ್ಲ ಅಂದ್ರು ರವಿಶಂಕರ್ ಸರ್. ಕಸ ಹೊಡ್ಯಾಂವನೂ ಒಂದ, ಕಂಪ್ಯೂಟರ್ ಮುಂದ ಕುಂದ್ರಾಂವನೂ ಒಂದ ಅಂದ್ರು."

"ಹಂಗಾದ್ರ ಅವರ ಬಂದು ಹೊಡೀಲಿ."

"ನೀ ಬರೇ ಹಿಂಗ" ಎಂದು ನಗುತ್ತಿದ್ದ. ಅವನು ನಂಬಿದ್ದ. ಅದೇ ನನಗೆ ಈಗಲೂ ಒಳಗೆ ಕೂತಿದೆ.

ಮೈಸೂರಿನ ಹುಡುಗಿ ಪೂರ್ವಿ ಅಂತ ಇದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವಳು. ಒಂದು ಐತವಾರ ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು. "ಯಾಕೆ ಅಕ್ಕ ಇಲ್ಲಿ ಕೂತಿದ್ದೀರಾ? ಬನ್ನಿ ಒಳಗೆ." ಹೋದೆ. ಹಿಂದಿನ ಸಾಲಿನಲ್ಲಿ, ಜಮಖಾನೆಯ ಅಂಚಿನಲ್ಲಿ ಕೂತೆ. ಅವತ್ತಿನ ವಿಷಯ ಸಮಾನತೆ. ರವಿಶಂಕರ್ ಅವರು ನನ್ನನ್ನು ನೋಡಿ ಮಾತಿನ ನಡುವೆಯೇ ಕೈಮುಗಿದರು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು.

ಆಮೇಲೆ ಪ್ರಸಾದ ಬಂತು. ಬಸಲಿಂಗಮ್ಮ ಸಾಲು ಹಿಡಿದು ಎಲ್ಲರ ಕೈಗೆ ಶಿರಾ ಹಾಕುತ್ತ ಬಂದರು. ನಾನೂ ಕೈ ಒಡ್ಡಿದೆ. ಚಮಚ ನನ್ನ ಕೈಯ ಮೇಲೆ ಬಂದು ನಿಂತಿತು. ಹಿಂದಕ್ಕೆ ಹೋಯಿತು.

"ನೀ ಮನಿಯಾಕಿ ಇದ್ದಿ ಅಲ್ಲ, ಮೊದಲ ಮಂದಿದು ಆಗಲಿ. ನಿನಗ ಆಮ್ಯಾಲೆ ಕಟ್ಟಿ ಕೊಡತೀನಿ."

ಒಡ್ಡಿದ ಕೈಯನ್ನು ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ. ಜಮಖಾನೆಯ ಎಳೆ ಕೀಳುತ್ತ ಕೂತೆ. ಮುಂದಿನ ಐತವಾರ ರವಿಶಂಕರ್ ಅವರ ಹೆಂಡತಿ ಸುಮತಿ ಬಂದು ಹೇಳಿದರು: "ಗೋದಾವರಿ, ಸಣ್ಣ ಹುಡುಗರು ಒಳಗ ಭಾಳ ಗದ್ದಲ ಮಾಡತಾವ. ಇನ್ನ ಮ್ಯಾಲೆ ನೀ ಅವನ್ನ ಹೊರಗ ಆಡಸು. ಅದೂ ಒಂದು ಸೇವಾನ." ಸಮಾನತೆಯ ಚರ್ಚೆ ಅಲ್ಲಿಗೆ ಮುಗಿಯಿತು. ನಾನು ಮತ್ತೆ ಹೊರಗೆ.

ಅವನು ಸತ್ತ ದಿನ ಕೂಟದ ವಾರ್ಷಿಕೋತ್ಸವ. ಹೊರಗಿನಿಂದ ಮಂದಿ ಬರುವವರಿದ್ದರು. ಕುರ್ಚಿ, ಹೂವು, ಮೈಕು. ಬೆಳಿಗ್ಗೆ ಸಭಾಂಗಣದ ಪಾಯಿಖಾನೆಯಲ್ಲಿ ನೀರು ಮೇಲಕ್ಕೆ ಬಂತು. ಹೊಲಸೆಲ್ಲ ಬಾಗಿಲ ಹೊರಗೆ ಹರಿಯಿತು. ನಾನು ಸೀರೆ ಎತ್ತಿ ಕಟ್ಟಿ ತಗಡಿನ ಹಾಳೆಯಿಂದ ಬಳಿದೆ. ಬಕೆಟ್ಟಿಗೆ ತುಂಬಿದೆ. ಬಳಿದಷ್ಟೂ ಬರುತ್ತಿತ್ತು. ರವಿಶಂಕರ್ ಅವರು ರೇಷ್ಮೆ ಜುಬ್ಬ ತೊಟ್ಟು ಮೂಗು ಮುಚ್ಚಿಕೊಂಡು ಬಂದರು. ಟ್ಯಾಂಕು ಖಾಲಿ ಮಾಡುವ ಗಾಡಿಯವನಿಗೆ ಫೋನು ಹಚ್ಚಿದರು. ಇವತ್ತು ಆಗೋದಿಲ್ಲ, ನಾಳೆ ಅಂದನಂತೆ. ಆಗ ಅಮೃತಪ್ಪನನ್ನು ಕರೆದರು.

"ಟ್ಯಾಂಕಿನ ಬಾಯಾಗ ಏನೋ ಸಿಕ್ಕೊಂಡೈತಿ. ಇಳದು ತಗದು ಬಿಡು. ಹತ್ತು ನಿಮಿಷದ ಕೆಲಸ."

"ಮ್ಯಾಲಿಂದ ಬಿದಿರು ಹಾಕಿ ನೋಡೀನ್ರಿ ಸರ್ರ. ಹೋಗವಲ್ದು. ವಾಸನಿ ಭಾಳ ಐತ್ರಿ. ನಾಳೆ ಗಾಡಿ ಬರಲ್ರಿ."

"ನಾಳೆ ಬಂದು ಏನು ಮಾಡೂದೈತಿ? ಮಂದಿ ಈಗ ಬರಾಕತ್ತಾರ." ಆಮೇಲೆ ದನಿ ಇಳಿಸಿ, ನಕ್ಕು, ಅವನ ಕೊರಳಿನ ಕಡೆ ಬೆರಳು ಮಾಡಿದರು. "ಲಿಂಗ ಕಟ್ಟೀದಿ. ಕಾಯಕ ಅಂದ ಮ್ಯಾಲೆ ವಾಸನಿ ನೋಡತಾರೇನೋ?"

ಅವನ ಮುಖ ಬದಲಾಯಿತು. ನಾನು ನೋಡಿದೆ. ಒಂದು ಕ್ಷಣ ಅವನಿಗೆ ಹೆಮ್ಮೆಯಾಗಿತ್ತು. ಅಷ್ಟು ದೊಡ್ಡವರು ಅವನ ಲಿಂಗದ ಮಾತಾಡಿದ್ದು ಅದೇ ಮೊದಲು.

"ಬ್ಯಾಡ" ಎಂದೆ ನಾನು. "ಒಲ್ಲೆ ಅನ್ನು."

"ಹತ್ತು ನಿಮಿಷ ಅಂತಾರಲ್ಲ" ಎಂದ.

ಅಂಗಿ ತೆಗೆದ. ಲಿಂಗಕ್ಕೆ ಹೊಲಸು ತಾಗಬಾರದೆಂದು ಅದನ್ನು ತೆಗೆದು ನನ್ನ ಕೈಗೆ ಕೊಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಗೇಟಿನ ಕಾವಲುಗಾರ ಉಪೇಂದ್ರ ಮತ್ತು ನಾನು ಹಗ್ಗದ ತುದಿ ಹಿಡಿದೆವು. ರವಿಶಂಕರ್ ಅವರು ಅವನ ಎರಡು ಕಾಲೂ ಒಳಗೆ ಹೋಗುವವರೆಗೆ ನಿಂತಿದ್ದು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಅವರ ದನಿ ಬಂತು.

ಒಳಗಿನಿಂದ ಒಂದು ಬಕೆಟ್ಟು ಮೇಲೆ ಬಂತು. ಬಟ್ಟೆ, ಹಾಳೆ, ಮಕ್ಕಳ ಲಂಗೋಟಿ. ಸುರಿದು ಕಳಿಸಿದೆ. ಇನ್ನೊಂದು ಬರಲಿಲ್ಲ. "ಏ" ಎಂದು ಕೂಗಿದೆ. ಹಗ್ಗ ಒಮ್ಮೆ ಬಿಗಿಯಾಯಿತು. ಎಳೆದೆವು. ಗಂಟು ಜಾರಿ ಬರೀ ಹಗ್ಗ ಮೇಲೆ ಬಂತು. ಉಪೇಂದ್ರ ಮುಖಕ್ಕೆ ಟವೆಲ್ ಸುತ್ತಿ ಏಣಿಯ ಮೇಲೆ ಕಾಲಿಟ್ಟ. ಎರಡು ಮೆಟ್ಟಿಲು ಇಳಿದವನು ಕೆಮ್ಮುತ್ತ ಹೊರಗೆ ಬಂದು ನೆಲಕ್ಕೆ ಬಿದ್ದ.

ನಾನು ಮೇಲೆ ಓಡಿದೆ. ಮೈಗೆಲ್ಲ ಹೊಲಸು ಮೆತ್ತಿತ್ತು. ಸಭಾಂಗಣದ ಬಾಗಿಲಲ್ಲಿ ನಿಂತೆ. ಬಾಯಿ ತೆರೆದೆ. ರವಿಶಂಕರ್ ಅವರು ಮಾತು ನಿಲ್ಲಿಸಲಿಲ್ಲ. ನನ್ನನ್ನು ನೋಡಿ ಅಂಗೈ ಎತ್ತಿದರು, ತಡಿ ಅಂತ. ಮುಂದಿನ ಸಾಲಿನ ಬಸಲಿಂಗಮ್ಮ ತುಟಿಯ ಮೇಲೆ ಬೆರಳಿಟ್ಟರು. ಇನ್ನೊಬ್ಬರು ಮೂಗು ಮುಚ್ಚಿಕೊಂಡರು. ನಾನು ನಿಂತೆ. ಅವರು ತಡಿ ಅಂದರು, ನಾನು ತಡೆದೆ. ಅಷ್ಟು ವರ್ಷದ ರೂಢಿ ಅದು. ಆಮೇಲೆ ಎದೆಯಿಂದ ಒಂದು ದನಿ ಬಂತು. ಅದು ನನ್ನದು ಅಂತ ನನಗೇ ತಿಳಿಯಲಿಲ್ಲ.

"ಹೊರಗ ಬರವಲ್ಲ. ನನ್ನ ಗಂಡ ಹೊರಗ ಬರವಲ್ಲ."

ಮೊದಲು ಎದ್ದವಳು ಪೂರ್ವಿ. ಮೆಟ್ಟಿಲು ಇಳಿಯುತ್ತಲೇ ಫೋನು ಮಾಡಿದಳು. ಬೆಂಕಿ ಆರಿಸುವ ಗಾಡಿಯವರು ಬಂದರು. ಮೂತಿಗೆ ಕೊಳವೆ ಕಟ್ಟಿಕೊಂಡವನೊಬ್ಬ ಇಳಿದ. ಅಮೃತಪ್ಪನನ್ನು ಎತ್ತಿ ತಂದು ಟ್ಯಾಂಕಿನ ಪಕ್ಕ ಮಲಗಿಸಿದರು. ಬಾಯಿ, ಮೂಗು, ಕಣ್ಣು ಎಲ್ಲ ಹೊಲಸು. ನಾನು ಕೈಯಿಂದ ಬಾಯಿ ಬಳಿದೆ. ನಲ್ಲಿಯ ಪೈಪು ತಂದು ನೀರು ಬಿಟ್ಟೆ. ಮುಖ ಕಾಣಿಸಿತು. ಅವನೇ.

ಹೊದಿಸಲು ಬಟ್ಟೆ ಬೇಕಿತ್ತು. ಉಪೇಂದ್ರ ಮೇಲೆ ಹೋಗಿ ಜಮಖಾನೆ ಎಳೆದು ತಂದ. ಬಸಲಿಂಗಮ್ಮ ಮೆಟ್ಟಿಲ ಮೇಲೆ ಅಡ್ಡ ನಿಂತರು.

"ಅದು ಬ್ಯಾಡೋ. ಅದರ ಮ್ಯಾಲೆ ಪೂಜಾ ಮಾಡತೀವಿ."

ಪೂರ್ವಿ ತನ್ನ ಹಾಸಿಗೆಯ ಚಾದರ ತಂದಳು. ನೀಲಿ ಹೂವಿನದು. ಅದರಲ್ಲಿ ಸುತ್ತಿದೆವು. ಮಾಡಿದ ಪ್ರಸಾದ ಕೆಡಿಸಬಾರದು ಅಂತ ಮೇಲೆ ಯಾರೋ ಅಂದರು. ಮಂದಿ ಡಬ್ಬಿಗಳಲ್ಲಿ ತುಂಬಿಕೊಂಡು, ನಮ್ಮನ್ನು ಬಳಸಿ ದಾಟಿ, ತಮ್ಮ ತಮ್ಮ ಲಿಫ್ಟಿನ ಕಡೆ ಹೋದರು.

ಊರಿನಲ್ಲಿ ಮಣ್ಣು ಮಾಡಿದೆವು. ಯಂಕಮ್ಮ ಮಗನ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಚಿದಳು. ಬೆರಳು ಬಾಗಲಿಲ್ಲ. ದಾರ ಸುತ್ತಿ ಕಟ್ಟಿದಳು. ಅಷ್ಟಾದ ಮೇಲೆ ನನ್ನ ಜೊತೆಗೇ ಹೈದರಾಬಾದಿಗೆ ಬಂದಳು. ಒಬ್ಬಳೇ ಹಳ್ಳಿಯಲ್ಲಿ ಇದ್ದು ಏನು ಮಾಡುವುದು? ಬಂದ ದಿನದಿಂದ ನಾನು ಮತ್ತೆ ಮೆಟ್ಟಿಲು ಒರೆಸತೊಡಗಿದೆ. ಯಾರೂ ಒರೆಸು ಅನ್ನಲಿಲ್ಲ. ಕೈ ತಾನೇ ಹೋಗಿ ಬಕೆಟ್ಟು ಹಿಡಿಯಿತು. ಉಂಡರೆ ರುಚಿ ತಿಳಿಯುತ್ತಿರಲಿಲ್ಲ. ಕುದಿಯುವ ಪಾತ್ರೆ ಬರಿಗೈಯಲ್ಲಿ ಇಳಿಸಿದ್ದೆ. ಬೊಕ್ಕೆ ಎದ್ದದ್ದು ಮರುದಿನ ಕಾಣಿಸಿತು.

ಪೊಲೀಸರು ಬಂದು ಹೋಗಿದ್ದರು. ಅಮೃತಪ್ಪ ಕುಡಿದಿದ್ದ, ತಾನೇ ಮುಚ್ಚಳ ತೆಗೆದು ಇಳಿದ ಅಂತ ಸಂಘದವರು ಹೇಳಿದ್ದರು. ಅವನು ಜೀವಮಾನದಲ್ಲಿ ಕುಡಿದವನಲ್ಲ. ಸಂಘದವರು ಹೇಳಿದ್ದನ್ನೇ ನಾನೂ ಹೇಳಿಬಿಟ್ಟರೆ ಕೇಸು ಮುಚ್ಚುತ್ತದೆ ಅಂತ ಸಬ್ ಇನ್‌ಸ್ಪೆಕ್ಟರು ಹೇಳಿದ್ದನಂತೆ. ಸುಮತಿ ನಮ್ಮ ತಗಡಿನ ಕೋಣೆಗೆ ಬಂದರು. ಅಲ್ಲಿಯವರೆಗೆ ಯಾವತ್ತೂ ಬಂದವರಲ್ಲ. ಬಗ್ಗಿ ಒಳಗೆ ಬಂದು ನಿಂತೇ ಮಾತಾಡಿದರು.

"ಐತವಾರ ಕೂಟಕ್ಕ ಬಾ ಗೋದಾವರಿ. ಅಮೃತಪ್ಪನ ಸ್ಮರಣಾ ಇಟ್ಟೀವಿ. ನಿನ್ನ ಕೆಲಸ, ಈ ಖೋಲಿ, ಯಾವುದೂ ಹೋಗೂದಿಲ್ಲ. ನಿಮ್ಮತ್ತೀನೂ ನಿನ್ನ ಜೋಡಿ ಇರಲಿ. ಪೊಲೀಸರ ಮುಂದ ಮಾತ್ರ ಒಂದ ಮಾತು. ಯಾರೂ ಕಳಿಸಲಿಲ್ಲ ಅಂತ."

ಅವರು ಹೋದ ಮೇಲೆ ಯಂಕಮ್ಮ ಅಂದಳು: "ಅವರು ಹೇಳಿದಂಗ ಹೇಳಿ ಬಿಡು. ನಾಳೆ ಉಣ್ಣಾಕ ಬೇಕಲ್ಲ ಯವ್ವಾ."

ನಾನು ಹೂಂ ಅಂದೆ. ಹೇಳಿಬಿಡಬೇಕು ಅಂತಲೇ ಇದ್ದೆ.

ಐತವಾರ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಯಂಕಮ್ಮನಿಗೂ ಒಂದು. ಅವಳು ಕುರ್ಚಿ ಬಿಟ್ಟು ಅದರ ಪಕ್ಕ ನೆಲದ ಮೇಲೆ ಕೂತಳು. ಗೋಡೆಯ ಮೇಲೆ ಅಮೃತಪ್ಪನ ಫೋಟೋ. ಗುರುತಿನ ಚೀಟಿಯದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದರು. ಅವನಿಗೆ ಬಿಳಿ ಅಂಗಿ ತೊಡಿಸಿದ್ದರು. ಹಣೆಗೆ ವಿಭೂತಿ ಬಳಿಸಿದ್ದರು. ಮುಖವನ್ನೂ ಸ್ವಲ್ಪ ಬೆಳ್ಳಗೆ ಮಾಡಿಸಿದ್ದರು. ನನಗೆ ಗುರುತು ಹತ್ತಲು ಹೊತ್ತು ಬೇಕಾಯಿತು.

ಅವತ್ತಿನ ವಿಷಯ ಮರಣ. ರವಿಶಂಕರ್ ಅವರು ಒಂದು ವಚನ ಓದಿದರು, ಅರ್ಥ ಹೇಳಿದರು. ಶರಣರಿಗೆ ಸಾವಿಲ್ಲ ಅಂದರು. "ಅಮೃತಪ್ಪ ಸತ್ತಿಲ್ಲ. ಕಾಯಕ ಮಾಡತ ಮಾಡತ ಐಕ್ಯ ಆದ. ನಾವು ಓದತೀವಿ. ಅಂವ ಬದುಕಿ ತೋರಿಸಿದ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮಂದಿ ತಲೆದೂಗಿದರು. ಕಲ್ಯಾಣಪ್ಪ ಅವರು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ಸತ್ತವರು ತಿರುಗಿ ಬರೂದಿಲ್ಲ ತಂಗಿ. ಇದ್ದವರ ಹೆಸರು ಕೆಡಿಸಬಾರದು." ಬಸಲಿಂಗಮ್ಮ ತಟ್ಟೆ ತಂದರು. ಮೊದಲ ಪ್ರಸಾದ ನನಗೆ. ಚಮಚ ನನ್ನ ಮುಂದೆ ಬಂದು ನಿಂತಿತು. ಈ ಸಲ ಹಿಂದೆ ಹೋಗಲಿಲ್ಲ. ನಾನು ಕೈ ಒಡ್ಡಲಿಲ್ಲ.

ಮೈಕು ನನ್ನ ಕೈಗೆ ಕೊಟ್ಟರು. ಅವನ ಕಾಯಕನಿಷ್ಠೆಯ ಬಗ್ಗೆ ಎರಡು ಮಾತು ಅಂದರು.

ಯಾರೂ ಕಳಿಸಲಿಲ್ಲ ಅಂತ ಹೇಳಲೆಂದೇ ಎದ್ದೆ. ಅದು ಬಾಯಿಗೆ ಬರಲಿಲ್ಲ. ಸಿಟ್ಟೂ ಇರಲಿಲ್ಲ. ನೆಲ ಒರೆಸುವಾಗ ಕಲೆ ಕಂಡರೆ ಕೈ ಹೋಗುತ್ತದಲ್ಲ, ಹಾಗೆ ಮಾತು ಹೋಯಿತು.

"ರವಿಶಂಕರ್ ಸರ್ ಇಳಿ ಅಂದ್ರು. ಅಂವ ವಾಸನಿ ಐತಿ ಅಂದ. ಕಾಯಕ ಅಂದ ಮ್ಯಾಲೆ ವಾಸನಿ ನೋಡತಾರೇನು ಅಂದ್ರು. ಅಂವ ಇಳದ. ಸತ್ತ."

"ದುಃಖದಾಗ ಮಾತಾಡಾಕತ್ತಾಳ" ಎಂದರು ಸುಮತಿ. ಯಾರೋ ಮೈಕಿನ ತಂತಿ ಕಿತ್ತರು. ನಾನು ಮೈಕನ್ನು ಕುರ್ಚಿಯ ಮೇಲಿಟ್ಟೆ. ನನ್ನ ದನಿ ಅಷ್ಟೇನೂ ಸಣ್ಣದಲ್ಲ.

"ಟ್ಯಾಂಕು ಮತ್ತ ತುಂಬಾಕತ್ತೈತಿ. ನೀವೆಲ್ಲಾ ದಿನಾ ಹೋಗತೀರಿ, ತುಂಬತೈತಿ. ಕಾಯಕ ಅಷ್ಟು ದೊಡ್ಡದಿದ್ರ ಮುಂದಿನ ಸಲ ನಿಮ್ಮೊಳಗ ಯಾರು ಇಳೀತೀರಿ? ಕೈ ಎತ್ತರಿ."

ಫ್ಯಾನು ತಿರುಗುತ್ತಿತ್ತು. ಒಬ್ಬ ಹೆಂಗಸು ಸೆರಗು ಸರಿ ಮಾಡಿಕೊಂಡಳು. ನಾನು ಕಾದೆ. ಒಂದೊಂದೇ ಮುಖ ನೋಡಿದೆ. ಅವರ ಮನೆಗಳ ಕಸ ನನಗೆ ಗೊತ್ತು, ಮುಖ ಅಷ್ಟು ಹೊತ್ತು ನೋಡಿರಲಿಲ್ಲ.

"ಸರ್ರ, ನೀವು?"

ರವಿಶಂಕರ್ ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ಇದು ಅದಕ್ಕ ಜಾಗಾ ಅಲ್ಲ ಗೋದಾವರಿ" ಎಂದರು.

"ಮತ್ತ ಯಾವುದು ಜಾಗಾ?"

ನಾನು ಕುರ್ಚಿ ಎಳೆದು ಅದರ ಮೇಲೆ ಹತ್ತಿದೆ. ಫೋಟೋದ ಹಾರ ತೆಗೆದೆ. ಫೋಟೋ ಇಳಿಸಿ ಹಾರವನ್ನು ಬರೀ ಮೊಳೆಗೆ ಹಾಕಿದೆ.

"ಬದುಕಿದ್ದಾಗ ಕಿಟಕಿ ಹೊರಗ ನಿಂತಾಂವ ಇಂವ. ಗ್ವಾಡಿ ಮ್ಯಾಲೆ ಬ್ಯಾಡ."

ಬಾಗಿಲು ದಾಟುವಾಗ ಹಿಂದೆ ಹೆಜ್ಜೆ ಕೇಳಿಸಿತು. ಯಂಕಮ್ಮ ಬರುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಫೋಟೋ ಇಸಿದುಕೊಂಡು ಸೆರಗಿನಿಂದ ಗಾಜಿನ ಮೇಲೆ ತಿಕ್ಕಿದಳು. ವಿಭೂತಿ ಹೋಗಲಿಲ್ಲ. ಅದು ಒಳಗೆ ಅಚ್ಚಾಗಿತ್ತು.

ಠಾಣೆಗೆ ನಡೆದೇ ಹೋದೆವು. ಪೂರ್ವಿ ಸ್ಕೂಟಿಯ ಮೇಲೆ ನಮ್ಮನ್ನು ಹುಡುಕಿಕೊಂಡು ಬಂದಳು. ನಮ್ಮನ್ನು ಹೋದಾಗಿನಿಂದ ಹೊತ್ತು ಇಳಿಯುವವರೆಗೆ ನೆಲದ ಮೇಲೆ ಕೂಡಿಸಿದರು. ಅವಳನ್ನು ಕುರ್ಚಿಯ ಮೇಲೆ ಕೂಡಿ ಅಂದರು. ಅವಳು ನಮ್ಮ ಪಕ್ಕ ನೆಲದ ಮೇಲೆ ಕೂತಳು. ಸಬ್ ಇನ್‌ಸ್ಪೆಕ್ಟರು ತೆಲುಗಿನಲ್ಲಿ ಬೈದ. ದೊಡ್ಡವರ ಜೊತೆ ನಿನಗೇಕೆ ಅಂದ. ನಾನು ಅದೇ ಮಾತು ಮತ್ತೆ ಹೇಳಿದೆ. ಪೂರ್ವಿ ತಾನು ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಪೇಪರಿನಲ್ಲಿ ಕೆಲಸ ಮಾಡುವ ಗೆಳತಿಗೂ ಫೋನು ಮಾಡಿದಳು. ಆಮೇಲೆ ಬರೆದುಕೊಂಡ.

ತಿರುಗಿ ಬಂದಾಗ ನಮ್ಮ ಟ್ರಂಕು, ಸ್ಟೋವು, ಕೊಡ ಎಲ್ಲ ಗೇಟಿನ ಹೊರಗಿದ್ದವು. ಉಪೇಂದ್ರ ನಮ್ಮ ಕಡೆ ನೋಡಲಿಲ್ಲ. ನಾನೇನೂ ಕಂಡಿಲ್ಲ ಅಂತ ಅವನು ಹೇಳಿಕೆ ಕೊಟ್ಟಿದ್ದ. ಅವನಿಗೂ ಒಂದು ತಗಡಿನ ಕೋಣೆ ಇತ್ತು.

ರವಿಶಂಕರ್ ಅವರನ್ನು ಹಿಡಿದರು, ಬಿಟ್ಟರು. ಕೇಸು ನಡೆದಿದೆ. ತಾರೀಖು ಬೀಳುತ್ತದೆ, ಮುಂದೆ ಹೋಗುತ್ತದೆ. ಕೂಟ ಕೆಲವು ವಾರ ನಿಂತು ಮತ್ತೆ ಶುರುವಾಯಿತು ಅಂತ ಪೂರ್ವಿ ಹೇಳಿದಳು. ಅವಳು ಆ ಮನೆ ಬಿಟ್ಟಿದ್ದಾಳೆ, ತಾರೀಖಿಗೆ ಬರುತ್ತಾಳೆ. ನಾನು ಈಗ ಲಿಂಗಂಪಲ್ಲಿಯಲ್ಲಿ ನಿಂತ ರೈಲಿನ ಡಬ್ಬಿಗಳನ್ನು ಗುಡಿಸುತ್ತೇನೆ. ಯಂಕಮ್ಮ ಸ್ಟೇಷನ್ನಿನ ಹೊರಗೆ ಸೇಂಗಾ ಮಾರುತ್ತಾಳೆ. ಈಗಲೂ ಅಳು ಬರುವುದಿಲ್ಲ, ಎದೆಯೊಳಗೆ ಏನೂ ಆಗುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಹೊಸಬನನ್ನು ಇಟ್ಟಿದ್ದಾರೆ ಅಂತ ತಿಳಿಯಿತು. ಒಡಿಶಾ ಕಡೆಯವನು. ಒಂದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಒಳಗೆ ಬಿಡಲಿಲ್ಲ. ಅವನು ಕಸದ ಗಾಡಿ ತಳ್ಳಿಕೊಂಡು ಹೊರಗೆ ಬರುವವರೆಗೆ ಗೋಡೆಯ ಹತ್ತಿರ ಕಾದೆ. ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಟ್ಯಾಂಕಿಗೆ ಇಳಿ ಅಂತಾರೆ. ಇಳೀಬೇಡ. ನನ್ನ ಗಂಡ ಅದರಲ್ಲಿ ಸತ್ತ.

ಅವನು ಗಾಡಿ ನಿಲ್ಲಿಸಿದ. ಹಿಂದಿನವನು ಕೆಲಸ ಬಿಟ್ಟು ಊರಿಗೆ ಹೋದ ಅಂತ ಅವನಿಗೆ ಹೇಳಿದ್ದರು.

"ಇಳಿಯದಿದ್ದರೆ ತೆಗೆದುಹಾಕುತ್ತಾರೆ" ಎಂದ.

"ತೆಗೀಲಿ. ಜೀವಂತ ಇರ್ತೀ."

ಅವನು ಗೇಟಿನ ಕಡೆ ನೋಡಿದ. ತನ್ನ ಕೈ ನೋಡಿಕೊಂಡ. ಮತ್ತೆ ನನ್ನನ್ನು ನೋಡಿ, ನೀನು ಈಗ ಎಲ್ಲಿ ದುಡಿಯುತ್ತೀ, ಅಲ್ಲಿ ಇನ್ನೊಬ್ಬರಿಗೆ ಕೆಲಸ ಇದೆಯೇ ಎಂದು ಕೇಳಿದ.